ವಿಷಲ್ ಜೇಬಿನಲ್ಲಿರಲಿ: ಆಟಿಸಂ ಇರುವ ಹೈಸ್ಕೂಲ್ ಮಕ್ಕಳನ್ನು ಮೈದಾನಕ್ಕಿಳಿಸುವ ಬಗೆ

ಮೊದಲು ವಿಷಲ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಪಿಟಿ ಟೀಚರ್ ಆಗಿ ಈ ಮಾತು ಹೇಳುವುದು ನನಗೇ ವಿಚಿತ್ರ ಅನಿಸುತ್ತದೆ. ಕೊರಳಲ್ಲಿ ವಿಷಲ್ ಇಲ್ಲದಿದ್ದರೆ ನಮ್ಮನ್ನು ಯಾರೂ ಪಿಟಿ ಟೀಚರ್ ಅನ್ನುವುದೇ ಇಲ್ಲ. ಆದರೆ ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಆ ಸದ್ದು ಕಿವಿಗೆ ಸೂಜಿ ಚುಚ್ಚಿದ ಹಾಗೆ. ಒಮ್ಮೆ ಊದಿದರೆ ಆವತ್ತಿನ ಪೀರಿಯಡ್ ಮುಗಿದಂತೆಯೇ. ಕೈ ಎತ್ತಿ, ಬಾವುಟ ತೋರಿಸಿ, ಇಲ್ಲವೇ ಮೆತ್ತಗೆ ಚಪ್ಪಾಳೆ ತಟ್ಟಿ. ಉಳಿದ ಐವತ್ತು ಮಕ್ಕಳು ಅದಕ್ಕೂ ಒಗ್ಗಿಕೊಳ್ಳುತ್ತಾರೆ.

ನಾನು ಗಂಗಾವತಿ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿದ್ದೇನೆ. ನನ್ನ ಹತ್ತಿರ ಬರುವವರು 13ರಿಂದ 16 ವರ್ಷದವರು. ಮೀಸೆ ಚಿಗುರುವ, ದನಿ ಒಡೆಯುವ, ಮೈ ದಿಢೀರನೆ ಬೆಳೆಯುವ ವಯಸ್ಸು. ಆಟಿಸಂ ಇರುವ ಮಕ್ಕಳಿಗೂ ಇದೆಲ್ಲ ಬರುತ್ತದೆ, ಜೊತೆಗೆ ಕೂತಲ್ಲೇ ಕೂರುವ ಅಭ್ಯಾಸವೂ ಬರುತ್ತದೆ. ಯಾಕೆಂದರೆ ಪಿಟಿ ಪೀರಿಯಡ್‌ನಲ್ಲಿ ಅವರನ್ನು ಮರದ ಕೆಳಗೆ ಕೂರಿಸುವುದು, ಇಲ್ಲವೇ ಸ್ಕೋರ್ ಬರೆಯಲು ಹಚ್ಚುವುದು ನಮ್ಮಲ್ಲಿ ರೂಢಿ. ಸ್ಕೋರ್ ಬರೆಯುವುದು ಕೆಲಸ, ಆಟ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ನೋಡಿ: 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು. ಅಂಗವೈಕಲ್ಯ ಇರುವ ಮಕ್ಕಳಿಗೂ ಅದೇ ಅಳತೆ. 60 ಅಂತ ಕೇಳಿ ಗಾಬರಿಯಾಗಬೇಡಿ. ಏನೂ ಇಲ್ಲದ್ದಕ್ಕಿಂತ ಸ್ವಲ್ಪವಾದರೂ ಮೇಲು, ಅದನ್ನೂ ಆ ಮಾರ್ಗಸೂಚಿಯೇ ಹೇಳುತ್ತದೆ.

ನಾನು ಕಂಡಂತೆ ಈ ಮಕ್ಕಳಿಗೆ ಆಟ ಕಷ್ಟವಾಗುವುದಕ್ಕಿಂತ ಆಟದ ಸುತ್ತಲಿನದು ಕಷ್ಟ. ಕ್ಲಾಸಿನಿಂದ ಮೈದಾನಕ್ಕೆ ಬರುವುದು, ಸರದಿಗೆ ಕಾಯುವುದು, ಎಲ್ಲಕ್ಕಿಂತ ಹೆಚ್ಚಾಗಿ ಇದು ಯಾವಾಗ ಮುಗಿಯುತ್ತದೆ ಅಂತ ತಿಳಿಯದಿರುವುದು. ‘ಸ್ವಲ್ಪ ಓಡು’ ಅಂದರೆ ಎಷ್ಟು? ‘ಸಾಕು ಅನ್ನೋತನಕ’ ಅಂದರೆ ಯಾರಿಗೆ ಸಾಕು? ಕೊನೆ ಕಣ್ಣಿಗೆ ಕಂಡರೆ ಅರ್ಧ ಕೆಲಸ ಆದಂತೆ.

ಅದಕ್ಕೆ ನಾನು ಬಳೆ ಬಳಸುತ್ತೇನೆ, ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಬಳೆ. ಖೋ-ಖೋ ಅಂಕಣದ ಎರಡು ಕಂಬಗಳಿಗೂ ಎದೆಮಟ್ಟದಲ್ಲಿ ಒಂದೊಂದು ಮೊಳೆ ಹೊಡೆಸಿದ್ದೇನೆ. ಈ ಕಡೆಯ ಮೊಳೆಗೆ ಐದು ಬಳೆ. ಹುಡುಗ ಒಂದು ತೆಗೆದುಕೊಂಡು ಓಡಿ, ಆ ಕಡೆಯ ಮೊಳೆಗೆ ಹಾಕಿ ಬರಬೇಕು. ಈ ಮೊಳೆ ಖಾಲಿಯಾದರೆ ಮುಗಿಯಿತು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಪ್ರತಿ ಸುತ್ತಿಗೂ ಬಂದು ಮೊಳೆ ಮುಟ್ಟಿ ನೋಡಿ, “ಟೀಚರ್ರೀ, ಇನ್ನ ಎರಡ್ ಅದಾವ್ರೀ” ಅಂತಾನೆ. “ಹೌದು, ಎರಡ ಅದಾವು. ಆಮ್ಯಾಲೆ ನೀರು” ಅಂತೀನಿ. ಅವನು ಓಡ್ತಾನೆ. ಇಷ್ಟೇ ಮಾತು. ಹುರಿದುಂಬಿಸಲು ನಾನು ಇನ್ನೇನಾದರೂ ಕೂಗಿದರೆ ಅವನಿಗೆ ಲೆಕ್ಕ ತಪ್ಪುತ್ತದೆ, ನಿಂತುಬಿಡುತ್ತಾನೆ.

ಇಲ್ಲೊಂದು ಕಟ್ಟುನಿಟ್ಟಿದೆ. ಮಗು ಚಲೋ ಓಡಿತು ಅಂತ ಖುಷಿಗೆ ‘ಇನ್ನೊಂದು ಸುತ್ತು ಹಾಕು’ ಅನ್ನಬೇಡಿ. ನಮಗೆ ಅದು ಶಹಬ್ಬಾಸ್‌ಗಿರಿ, ಅವರಿಗೆ ಕೊಟ್ಟ ಮಾತು ಮುರಿದಂತೆ. ಮರುದಿನ ಮೈದಾನದ ಕಡೆ ಕಾಲೇ ಎತ್ತುವುದಿಲ್ಲ. ಹೆಚ್ಚಿಸಬೇಕೆಂದರೆ ಮುಂದಿನ ವಾರ ಶುರುವಿನಲ್ಲೇ ಆರು ಬಳೆ ಹಾಕಿ, ಆರು ಇವೆ ಅಂತ ತೋರಿಸಿಯೇ ಓಡಿಸಿ.

ಬರುವ ದಾರಿಯನ್ನೂ ಹಾಗೆಯೇ ಗೊತ್ತುಪಡಿಸಿ. ಒಂದು ರಟ್ಟಿನ ಮೇಲೆ ನಾಲ್ಕು ಚಿತ್ರ ಸಾಕು: ಶೂ, ಕಂಬ, ನೀರಿನ ಬಾಟಲಿ, ಕ್ಲಾಸು. ಚಿತ್ರ ಬರೆಯಲು ಬರದಿದ್ದರೆ ಮೊಬೈಲಿನಲ್ಲಿ ನಿಮ್ಮದೇ ಶಾಲೆಯ ಫೋಟೊ ತೆಗೆದು ಪ್ರಿಂಟ್ ಹಾಕಿಸಿ, ಅದು ಇನ್ನೂ ಚಲೋ. ಮುಗಿದದ್ದನ್ನು ಮಗುವೇ ತಿರುವಿ ಹಾಕಲಿ. ಪೀರಿಯಡ್ ರದ್ದಾದರೆ ಬೆಳಿಗ್ಗೆಯೇ ಹೇಳಿ, ಆ ಹೊತ್ತಿಗೆ ಅಲ್ಲ. ಹೊಸ ಶಾಲೆ, ಹೊಸ ಮೈದಾನವಾದರೆ ಯಾರೂ ಇಲ್ಲದ ಹೊತ್ತಿನಲ್ಲಿ ಒಂದೆರಡು ಬಾರಿ ಕರೆತಂದು ಸುಮ್ಮನೆ ಸುತ್ತಾಡಿಸಿ ಕಳಿಸಿ. ಆ ದಿನ ಆಟ ಬೇಡ.

ಇನ್ನು ಯಾವ ಆಟ? ತಾಯಂದಿರು ಕೇಳುವ ಮೊದಲ ಪ್ರಶ್ನೆಯೇ ಇದು. ನಾನು ತಿರುಗಿ ಕೇಳುತ್ತೇನೆ: ಮನೆಯಲ್ಲಿ ಅವನು ಮೈಯಿಂದ ಏನು ಮಾಡ್ತಾನೆ? ಒಬ್ಬ ಗೋಡೆ ಹಿಡಿದು ಜಿಗೀತಾನೆ, ಒಬ್ಬಳು ಗಿರಗಿರ ತಿರುಗ್ತಾಳೆ, ಇನ್ನೊಬ್ಬ ಓಣಿಯ ಈ ತುದಿಯಿಂದ ಆ ತುದಿಗೆ ನಡೀತಾನೇ ಇರ್ತಾನೆ. ಅಲ್ಲಿಂದ ಹಿಡಿಯಿರಿ. ಜಿಗಿಯುವವನಿಗೆ ಹಗ್ಗದಾಟ, ಉದ್ದ ಜಿಗಿತ, ಸುಣ್ಣದಲ್ಲಿ ಗೆರೆ ಹಾಕಿ ಕುಂಟಾಬಿಲ್ಲೆ. ನಡೆಯುವವನಿಗೆ ನಡಿಗೆಯೇ ಕ್ರೀಡೆ. ಒಂದೇ ಕ್ರಮ ತಪ್ಪದೆ ಬೇಕು ಅನ್ನುವವರಿಗೆ ಸೂರ್ಯ ನಮಸ್ಕಾರದಷ್ಟು ಹೇಳಿ ಮಾಡಿಸಿದ್ದು ಇನ್ನೊಂದಿಲ್ಲ: 12 ಭಂಗಿ, ಅದೇ ಕ್ರಮ, ಶುರುವಾದಲ್ಲಿಗೇ ಬಂದು ಮುಗಿಯುತ್ತದೆ. ಕಲಿಸುವಾಗ ಮಕ್ಕಳ ಎದುರಿಗೆ ನಿಲ್ಲಬೇಡಿ, ಬಲ ಯಾವುದು ಎಡ ಯಾವುದು ಎಂದು ಗೊಂದಲವಾಗುತ್ತದೆ. ಪಕ್ಕದಲ್ಲಿ, ಅವರು ನೋಡುವ ದಿಕ್ಕಿಗೇ ಮುಖ ಮಾಡಿ ನಿಲ್ಲಿ.

ಎಣಿಕೆ ಪ್ರೀತಿಸುವ ಮಕ್ಕಳಿಗೆ ನಮ್ಮೂರಿನ ಹತ್ತಿರವೇ ಹನುಮನ ಗುಡಿಯಿರುವ ಅಂಜನಾದ್ರಿ ಬೆಟ್ಟ ಇದೆ. 575 ಮೆಟ್ಟಿಲು ಅಂತಾರೆ. ಒಬ್ಬ ಹುಡುಗ ಬಾಯಿಬಿಟ್ಟು ಎಣಿಸುತ್ತಾ ಹತ್ತುತ್ತಾನೆ. ನಡುವೆ ಯಾರಾದರೂ ಮಾತಾಡಿಸಿದರೆ ಕೆಳಗಿಳಿದು ಒಂದರಿಂದ ಶುರು. ಹಾಗಾಗಿ ಅವನಪ್ಪ ಈಗ ಬಾಯಿಗೆ ಬೀಗ ಹಾಕಿಕೊಂಡೇ ಹತ್ತುತ್ತಾರೆ, ಅವರ ಸಕ್ಕರೆಯೂ ಹತೋಟಿಗೆ ಬಂದಿದೆಯಂತೆ. ಹೋಗುವುದಾದರೆ ಬೆಳಕು ಹರಿಯುವ ಮೊದಲೇ ಹೊರಡಿ, ಬಂಡೆ ಕಾಯುವುದರೊಳಗೆ ಇಳಿದಿರಬೇಕು. ಶನಿವಾರ ಬೇಡ, ಭಕ್ತರ ಗದ್ದಲ; ಹನುಮಮಾಲೆ ಧರಿಸಿದವರು ಸೇರುವ ಡಿಸೆಂಬರಿನ ದಿನಗಳಂತೂ ಬೇಡವೇ ಬೇಡ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಕೋತಿ ಬಿಡುವುದಿಲ್ಲ, ಏನಿದ್ದರೂ ಬೆನ್ನಿನ ಬ್ಯಾಗಿನೊಳಗೆ. ಮೊದಲ ಸಲ ಐವತ್ತೇ ಮೆಟ್ಟಿಲು ಅಂತ ಹೇಳಿ ಐವತ್ತಕ್ಕೇ ವಾಪಸ್ ಬನ್ನಿ. ಈ ಮಕ್ಕಳಲ್ಲಿ ಹಲವರಿಗೆ ಮೈ ಸಮತೋಲನ ಕಡಿಮೆ, ಹತ್ತುವುದಕ್ಕಿಂತ ಇಳಿಯುವಾಗ ಜೊತೆಗಿರಿ.

ಗುಂಪಿನ ಆಟ ಇವರಿಗೆ ಆಗದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕ್ರಿಕೆಟ್ಟು ಕಷ್ಟ, ಅದು ಬಹುಪಾಲು ಕಾಯುವ ಆಟ. ಆದರೆ ಖೋ-ಖೋ ನೋಡಿ. ಎಂಟು ಜನ ಕೂರುವ ಚೌಕ ಗೊತ್ತು, ಮುಖ ಯಾವ ದಿಕ್ಕಿಗೆ ಅಂತ ಗೊತ್ತು, ಅಟ್ಟುವವನು ಹಿಡಿದ ದಿಕ್ಕಿಗೇ ಓಡಬೇಕು, ನಡುಗೆರೆ ದಾಟುವಂತಿಲ್ಲ. ನಿಯಮ ಅಂದರೆ ಪ್ರಾಣ ಬಿಡುವ ಹುಡುಗನಿಗೆ ಇದು ಹಬ್ಬ. ಅಡ್ಡ ಬರುವುದು ಒಂದೇ: ಬೆನ್ನ ಹಿಂದಿನಿಂದ ಇದ್ದಕ್ಕಿದ್ದಂತೆ ಬೀಳುವ ಕೈ. ಅದಕ್ಕೆ ದಾರಿ ಇದೆ. ಮೊದಲ ದಿನಗಳಲ್ಲಿ ಓಟ ಬೇಡ, ಬರೀ ಕೂತು ಏಳುವುದು. ‘ಖೋ’ ಅನ್ನುವುದು ಮೊದಲು ಕೇಳಲಿ, ಒಂದು ಕ್ಷಣ ಬಿಟ್ಟು ಕೈ ತಾಗಲಿ. ಬೆರಳ ತುದಿಯಿಂದ ಮುಟ್ಟಬೇಡಿ ಅಂತ ಉಳಿದ ಮಕ್ಕಳಿಗೆ ಹೇಳಿಕೊಡಿ. ಹಗುರವಾಗಿ ಸವರಿದಂಥ ಮುಟ್ಟುವಿಕೆ ಇವರಲ್ಲಿ ಅನೇಕರಿಗೆ ಮೈ ಜುಮ್ಮೆನಿಸುತ್ತದೆ. ಅಂಗೈ ಪೂರ್ತಿ ಊರಿ ಗಟ್ಟಿಯಾಗಿ ಒತ್ತಿದರೆ ಸಹಿಸುತ್ತಾರೆ, ಕೆಲವರಿಗೆ ಅದು ಹಿತವೂ ಹೌದು. ಹಾಗೆ ಗಟ್ಟಿ ಹಿಡಿತ ಇಷ್ಟಪಡುವ ಹುಡುಗರು ಕಬಡ್ಡಿಯಲ್ಲೂ ಹೊಂದಿಕೊಳ್ಳುತ್ತಾರೆ. ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ ಅಂತ ಕ್ಲಾಸಿನಲ್ಲಿ ಬೈಸಿಕೊಂಡ ಹುಡುಗನಿಗೆ ಎದುರು ಅಂಕಣದಲ್ಲಿ ನಿಂತು ‘ಕಬಡ್ಡಿ ಕಬಡ್ಡಿ’ ಅನ್ನಲು ಹಕ್ಕಿದೆ, ಅಲ್ಲವೇ?

ಟೀಮ್ ಮಾಡುವಾಗ ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿ ಇಂದೇ ಬಿಡಿ. ಕೊನೆಗೆ ಉಳಿಯುವವರು ಯಾರು ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ಹಾಜರಿ ನಂಬರಿನ ಸರಿ-ಬೆಸ ಸಾಕು. ಜೋಡಿಯಾಗಿ ಒಬ್ಬ ಗೆಳೆಯನನ್ನು ಕೊಡಿ, ತಿಂಗಳಿಗೊಮ್ಮೆ ಬದಲಿಸಿ. ಓದಿನಲ್ಲಿ ಮುಂದಿರುವವನೇ ಬೇಕೆಂದಿಲ್ಲ, ಮನೆಯಲ್ಲಿ ತಮ್ಮ-ತಂಗಿಯರನ್ನು ಆಡಿಸಿದವರು ಇದಕ್ಕೆ ವಾಸಿ.

ಚೆಂಡು ಹಿಡಿಯುವುದು ಬಹಳ ಮಕ್ಕಳಿಗೆ ತಡವಾಗಿ ಬರುತ್ತದೆ. ಬಲೂನ್ ಬೇಡ, ಒಡೆದರೆ ಕಥೆ ಮುಗಿಯಿತು. ಹಳೆ ಬಟ್ಟೆಯ ದೊಡ್ಡ ಚೆಂಡು ಮಾಡಿ ಮೊದಲು ಉರುಳಿಸಿ, ಆಮೇಲೆ ರಬ್ಬರ್ ಚೆಂಡು ತಂದು ನೆಲಕ್ಕೊಮ್ಮೆ ಪುಟಿಸಿ ಕೊಡಿ, ಕೊನೆಗೆ ಎಸೆಯಿರಿ.

ಮೈಯ ವಿಷಯಕ್ಕೆ ಬಂದರೆ, ಬಾಯಾರಿಕೆ, ನೋವು, ಸುಸ್ತು ಇವರಲ್ಲಿ ಕೆಲವರಿಗೆ ಬೇಗ ತಿಳಿಯುವುದಿಲ್ಲ, ತಿಳಿದರೂ ಹೇಳಲು ಬರುವುದಿಲ್ಲ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆದ್ದರಿಂದ ‘ನೀರು ಬೇಕಾ?’ ಅಂತ ಕೇಳುವ ಪದ್ಧತಿ ಬಿಟ್ಟು, ಎರಡು ಸುತ್ತಿಗೊಮ್ಮೆ ನಾಲ್ಕು ಗುಟುಕು ಅಂತ ಆಟದೊಳಗೇ ಸೇರಿಸಿ. ಆಟ ಮುಗಿದ ಮೇಲೆ ಪಾದ ನೋಡಿ. ಜಾಲಿಮುಳ್ಳು ಚುಚ್ಚಿಸಿಕೊಂಡೇ ಓಡಿದ ಹುಡುಗಿಯನ್ನು ಕಂಡಿದ್ದೇನೆ, ಮುಖದಲ್ಲಿ ಗೆರೆ ಕೂಡ ಬದಲಾಗಿರಲಿಲ್ಲ. ಹೊಸ ಯೂನಿಫಾರ್ಮಿನ ಕಾಲರ್ ಹಿಂದಿನ ಲೇಬಲ್ ಪಟ್ಟಿ ಕತ್ತರಿಸಿ, ಸಾಕ್ಸಿನ ಹೊಲಿಗೆ ಚುಚ್ಚಿದರೆ ತಿರುವಿ ಹಾಕಿಸಿ. ಫಿಟ್ಸ್ ಬರುವ ಮಕ್ಕಳಿದ್ದರೆ ಡಾಕ್ಟರರನ್ನು ಕೇಳದೆ ನೀರಿಗೂ ಸೈಕಲ್ಲಿಗೂ ಬಿಡಬೇಡಿ. ಹದಿಹರೆಯದಲ್ಲಿ ಮೊದಲ ಬಾರಿಗೆ ಫಿಟ್ಸ್ ಕಾಣಿಸಿಕೊಳ್ಳುವುದೂ ಉಂಟು. ಸಿಟ್ಟು, ಕಿರಿಕಿರಿ ತಗ್ಗಿಸಲು ಡಾಕ್ಟರರು ಕೊಡುವ ರಿಸ್ಪೆರಿಡೋನ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಹಸಿವು, ತೂಕ ಏರುತ್ತದೆ, ಸೆಖೆಯೂ ಬೇಗ ತಟ್ಟಬಹುದು. ಅದಕ್ಕಾಗಿ ಮಾತ್ರೆ ನಿಲ್ಲಿಸುವುದು ನಮ್ಮ ಕೆಲಸವಲ್ಲ, ಆಟದ ಹೊತ್ತು ಬದಲಿಸುವುದು ನಮ್ಮ ಕೆಲಸ.

ಹೆಣ್ಣುಮಕ್ಕಳು ದೊಡ್ಡವರಾದ ಕೂಡಲೇ ಆಟ ನಿಲ್ಲುತ್ತದೆ. “ಮುಟ್ಟಾದಾಗ ಆಕಿಗೆ ಗೊತ್ತಾಗಂಗಿಲ್ರೀ, ಹೆಂಗ ಕಳಸೂನು?” ಅಂತ ತಾಯಿ ಕೇಳಿದರೆ ತಪ್ಪಲ್ಲ. ಪ್ಯಾಡ್ ಹಾಕಿಕೊಂಡು ನಡೆಯುವುದು, ಓಡುವುದನ್ನು ಮನೆಯಲ್ಲಿ ಮೊದಲೇ ರೂಢಿ ಮಾಡಿಸಿ. ಶಾಲೆಯಲ್ಲಿ ಒಬ್ಬ ಟೀಚರಮ್ಮನ ಹತ್ತಿರ ಬದಲಿ ಬಟ್ಟೆ ಇರಲಿ. ಆಟದಲ್ಲಿ ಎಲ್ಲಿ ಮುಟ್ಟಬಹುದು, ಎಲ್ಲಿ ಮುಟ್ಟಬಾರದು ಅನ್ನುವುದನ್ನು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಚಿತ್ರ ತೋರಿಸಿ ನೇರವಾಗಿ ಹೇಳಿ.

ಕಾಲುವೆಯ ಮಾತು ಬೇರೆಯೇ ಹೇಳಬೇಕು. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ಹೊಲಗಳ ಪಕ್ಕದಲ್ಲೇ ಹರಿಯುತ್ತದೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ನೀರಿನ ಸೆಳೆತ ಜಾಸ್ತಿ, ಹೇಳದೆ ಹೊರಟುಬಿಡುವ ಸ್ವಭಾವವೂ ಇರುತ್ತದೆ. ಮುಳುಗಿ ಸಾಯುವ ಅಪಾಯ ಇವರಲ್ಲಿ ಬೇರೆ ಮಕ್ಕಳಿಗಿಂತ ಹೆಚ್ಚು. ಈಜು ಇವರಿಗೆ ಬಹಳ ಒಳ್ಳೆಯದು, ನೀರಿನ ಒತ್ತಡ ಮೈಗೆ ಹಿತ. ಆದರೆ ಕಲಿಕೆ ಈಜುಕೊಳದಲ್ಲೇ ಆಗಲಿ, ಕೈಯಳತೆಯಲ್ಲಿ ಈಜು ಬಲ್ಲವರಿರಲಿ. ಮೊದಲು ಕಲಿಸಬೇಕಾದ್ದು ಕೈಕಾಲು ಬಡಿಯುವುದನ್ನಲ್ಲ, ಮೈಮೇಲೆ ಬಟ್ಟೆ ಇದ್ದರೂ ಅಂಗಾತ ತೇಲಿ ದಡ ಹಿಡಿಯುವುದನ್ನು. ಮೈದಾನದ ಗೇಟಿನಲ್ಲಿ ಒಬ್ಬರು ಕಾವಲಿರುವುದೂ ಇದೇ ಕಾರಣಕ್ಕೆ.

ಕಿವಿ ಮುಚ್ಚಿಕೊಂಡರೆ, ಒಂದೇ ಮಾತನ್ನು ಬಿರುಸಾಗಿ ಹೇಳತೊಡಗಿದರೆ, ಅಂಚಿಗೆ ಸರಿಯುತ್ತಾ ಹೋದರೆ ಆವತ್ತಿಗೆ ಸಾಕು. ಮಾತು ಕಡಿಮೆ ಮಾಡಿ, ತೋಳು ಹಿಡಿದು ಎಳೆಯಬೇಡಿ, ಸುತ್ತ ನೆರೆದವರನ್ನು ಕಳಿಸಿ. ಮೊದಲೇ ಗೊತ್ತುಮಾಡಿದ ನೆರಳಿನ ಜಾಗ ಇರಲಿ. ನಮ್ಮಲ್ಲಿ ಬೇವಿನ ಮರದ ಹಿಂದೆ. ಅಲ್ಲಿ ಯಾರನ್ನೂ ಶಿಕ್ಷೆಗೆಂದು ನಿಲ್ಲಿಸಬಾರದು.

ಕಾಗದಪತ್ರದ ಬಗ್ಗೆ ಎರಡು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಸೇರಿದೆ, ಶಾಲೆಯ ಆಟೋಟದಲ್ಲಿ ಬೇರೆಯವರಂತೆ ಭಾಗವಹಿಸುವ ಅವಕಾಶವೂ ಅದರಲ್ಲಿದೆ. ‘ಬ್ಯಾಡ್ರೀ, ಸುಮ್ನೆ ಯಾಕ ರಿಸ್ಕು’ ಅನ್ನುವ ಹೆಡ್‌ಮಾಸ್ತರರ ಮುಂದೆ ಇದನ್ನು ಇಡಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ತಾಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಬಿಐಇಆರ್‌ಟಿ ಶಿಕ್ಷಕರನ್ನು ಕಾಣಿ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವವರು ಅವರು. ಬೌದ್ಧಿಕ ಅಂಗವೈಕಲ್ಯವೂ ಇರುವ ಮಕ್ಕಳಿಗೆ ಸ್ಪೆಷಲ್ ಒಲಿಂಪಿಕ್ಸ್ ಭಾರತ್‌ನ ಸ್ಪರ್ಧೆಗಳಿವೆ. ಅಲ್ಲಿನ ಯೂನಿಫೈಡ್ ಟೀಮಿನಲ್ಲಿ ಅಂಗವೈಕಲ್ಯ ಇಲ್ಲದ ಗೆಳೆಯರೂ ಜೊತೆಗೂಡಿ ಆಡುತ್ತಾರೆ.

ಕ್ರೀಡಾಕೂಟದ ದಿನ ಮೈಕು, ಡೊಳ್ಳು, ಪಟಾಕಿ ಎಲ್ಲ ಇರುತ್ತದೆ. ಆ ಮಗುವಿನ ಓಟವನ್ನು ಮೈಕು ಹಚ್ಚುವ ಮೊದಲೇ ಬೆಳಿಗ್ಗೆ ಮುಗಿಸಿಬಿಡಿ, ಬಾವುಟ ಇಳಿಸಿ ಓಟ ಬಿಡಿ, ದಿನವೂ ಓಡುವ ಲೇನನ್ನೇ ಕೊಡಿ. ಸೋತರೆ ಏನು ಮಾಡಬೇಕು ಅನ್ನುವುದನ್ನು ಹಿಂದಿನ ವಾರವೇ ಅಭ್ಯಾಸ ಮಾಡಿಸಿ: ಕೈ ಕುಲುಕುವುದು, ನೀರು ಕುಡಿಯುವುದು, ಮನೆಗೆ ಹೋಗುವುದು. ಭಾಷಣ ಮುಗಿಯುವವರೆಗೆ ಕೂರಿಸಬೇಡಿ, ಸರ್ಟಿಫಿಕೇಟನ್ನು ಕೈಗೆ ಕೊಟ್ಟು ಕಳಿಸಿ. ಅದರಲ್ಲಿ ಹೆಸರಿನ ದೀರ್ಘ, ಒತ್ತು ಎರಡು ಸಲ ನೋಡಿ ಬರೆಯಿರಿ. ತಪ್ಪಿದ್ದರೆ ನಮ್ಮ ಹುಡುಗರು ಗೇಟಿನಿಂದಲೇ ವಾಪಸ್ ಬಂದು ತಿದ್ದಿಸಿಕೊಂಡು ಹೋಗುತ್ತಾರೆ.