ವ್ಯಾಖ್ಯಾನ ಬದಿಗಿಟ್ಟು ಸತ್ಯವೇದ ಓದಿ ಮುಗಿಸಿದೆ

ಕಳೆದ ವಾರ ಅಮ್ಮನಿಗೆ ಸತ್ಯವೇದದ (ಬೈಬಲಿನ) ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಅಧ್ಯಾಯ ಓದಿದೆ. 66 ಪುಸ್ತಕ, 1189 ಅಧ್ಯಾಯ. ಹತ್ತಿರಹತ್ತಿರ ಎರಡು ವರ್ಷ ಹಿಡಿಯಿತು. ವ್ಯಾಖ್ಯಾನವಿಲ್ಲದೆ ಆಗದು ಎಂದವರು ನಮ್ಮ ಸಭೆಯಲ್ಲೇ ಇದ್ದರು. ಆಯಿತು!

ಇದಕ್ಕೂ ಮೊದಲು ಮೂರು ಸಲ ಸೋತಿದ್ದೆ. ಒಂದು ವರ್ಷದ ಪಟ್ಟಿ ಹಿಡಿದು ದಿನಕ್ಕೆ ಮೂರು ಅಧ್ಯಾಯ ಓದಿದರೆ ಜನವರಿ ಮುಗಿಯುವಾಗ ಬಲಿ, ಆಚಾರಗಳ ನಿಯಮಗಳಿರುವ ಮೂರನೆಯ ಪುಸ್ತಕ ಯಾಜಕಕಾಂಡದ ಬಾಗಿಲಿಗೆ ಬರುತ್ತೇವೆ. ಮೂರು ಸಲವೂ ನಾನು ನಿಂತದ್ದು ಅಲ್ಲಿಯೇ. ತಪ್ಪು ನನ್ನ ತಿಳಿವಳಿಕೆಯದೆಂದು ವ್ಯಾಖ್ಯಾನಗಳು, ಪದಕೋಶ, ನಕ್ಷೆಗಳಿಗೆ ಏಳೆಂಟು ಸಾವಿರ ರೂಪಾಯಿ ಸುರಿದೆ. ಒಂದು ತಿಂಗಳ ಮನೆಬಾಡಿಗೆ ಅದು. ವ್ಯಾಖ್ಯಾನ ಓದುತ್ತಾ ಓದುತ್ತಾ ವಚನ ಓದುವುದೇ ನಿಂತುಹೋಯಿತು.

ಅಮ್ಮನ ಕಣ್ಣಿಗೆ ಪೊರೆ ಬಂದ ಮೇಲೆ ದಾರಿ ಸಿಕ್ಕಿತು. ರಾತ್ರಿ ಊಟಕ್ಕೆ ಮುಂಚೆ ಗಟ್ಟಿಯಾಗಿ ಎರಡು ಅಧ್ಯಾಯ, ನಲವತ್ತು ರೂಪಾಯಿಯ ಒಂದು ನೋಟ್‌ಬುಕ್, ಅಷ್ಟೇ. ಮೊದಲು ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆ, 16 ಅಧ್ಯಾಯ ಎಂಟು ದಿನದಲ್ಲಿ ಮುಗಿದು ಧೈರ್ಯ ಬರುತ್ತದೆ. ಆಮೇಲೆ ಸತ್ಯವೇದದ ಮೊದಲ ಪುಸ್ತಕ ಆದಿಕಾಂಡ. ಅರ್ಥವಾಗದ್ದನ್ನು ಬರೆದಿಟ್ಟು ಮುಂದೆ ಹೋಗುವುದು, ಅರ್ಥವಾದದ್ದರಲ್ಲಿ ಒಂದನ್ನು ಮರುದಿನ ಮಾಡುವುದು. ನನ್ನ ಪ್ರಶ್ನೆಗಳು ಮುನ್ನೂರರ ಹತ್ತಿರ ಬಂದವು. ಅರ್ಧಕ್ಕಿಂತ ಹೆಚ್ಚಿನವಕ್ಕೆ ಸತ್ಯವೇದವೇ ಮುಂದೆ ಎಲ್ಲೋ ಉತ್ತರ ಕೊಟ್ಟಿತು. ಪುಸ್ತಕ ತೆರೆಯುವ ಮುನ್ನ ನಾವು ಮಾಡುವ ಪ್ರಾರ್ಥನೆ ಮಾತ್ರ ನನಗೂ ಅಮ್ಮನಿಗೂ ಇರಲಿ.

ಯಾಜಕಕಾಂಡಕ್ಕೆ ಮಾತ್ರ ಒಂದು ಉಪಾಯ ಹೇಳುತ್ತೇನೆ: ಅದರ 16ನೆಯ ಅಧ್ಯಾಯ ಓದಿದ ರಾತ್ರಿಯೇ ಆ ಬಲಿಗಳನ್ನು ಯೇಸುವಿನ ಬಲಿಯೊಂದಿಗೆ ಹೋಲಿಸುವ, ಇಬ್ರಿಯರಿಗೆ ಬರೆದ ಪತ್ರಿಕೆಯ 9 ಮತ್ತು 10ನೆಯ ಅಧ್ಯಾಯಗಳನ್ನು ಓದಿ. ಯಾಜಕಕಾಂಡದ ಆ ಅಧ್ಯಾಯದಲ್ಲಿ ಇರುವುದು ಒಂದು ಹೋತದ ವಧೆ, ಇನ್ನೊಂದರ ತಲೆಯ ಮೇಲೆ ಜನರ ಪಾಪಗಳನ್ನೆಲ್ಲ ಹೊರಿಸಿ ಅಡವಿಗೆ ಬಿಡುವುದು. ಅಮ್ಮ ಕೇಳಿದರು, "ಆ ಹೋತ ತಿರುಗಿ ಬರಲಿಲ್ಲ ತಾನೇ?" ಇಲ್ಲ ಅಮ್ಮ ಎಂದೆ. ಆ ರಾತ್ರಿ ಮುಂದೆ ಓದಲಾಗಲಿಲ್ಲ. ಯೇಸು ನನ್ನ ಪಾಪ ಹೊತ್ತನೆಂದು ಚಿಕ್ಕಂದಿನಿಂದ ಹಾಡಿದ್ದೆ. ಅದು ತಿರುಗಿ ಬರುವುದಿಲ್ಲವೆಂದು ನಂಬಿದ್ದು ಅಂದು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬಸ್ಸಿನಲ್ಲಿ ಮೊಬೈಲಿನಿಂದ ಸತ್ಯವೇದದ ಕೀರ್ತನೆಗಳನ್ನು ಕೇಳಿದೆ, ಮನಸ್ಸಿನಲ್ಲಿ ನಿಲ್ಲಲಿಲ್ಲ. ಕೈಯಲ್ಲಿ ಬರೆದವು ನಿಂತವು. 119ನೆಯ ಕೀರ್ತನೆಯ 176 ವಚನ ಬರೆಯಲು ಹತ್ತು ದಿನ ಬೇಕಾಯಿತು. ಯೋನನ ಪುಸ್ತಕವನ್ನು ಒಂದೇ ಸಲ ಕುಳಿತು ಓದಿ ನೋಡಿ, ನಾಲ್ಕೇ ಅಧ್ಯಾಯ.

1831ರಲ್ಲಿ ನಮ್ಮ ಬಳ್ಳಾರಿಯಲ್ಲಿ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾದಾಗ ಅದನ್ನು ಕೈಗೆತ್ತಿಕೊಂಡವರ ಮನೆಯಲ್ಲಿ ವ್ಯಾಖ್ಯಾನಗಳ ಸಾಲು ಇದ್ದಿತೇ? ಸಂದೇಹಪಟ್ಟವರಿಗೆ ನಾನು ಕೇಳಿದ್ದು ಇದನ್ನೇ. ಅವರಲ್ಲಿ ಇಬ್ಬರು ಈಗ ಮಾರ್ಕ ಓದುತ್ತಿದ್ದಾರೆ. ನಾವು ಸೋಮವಾರದಿಂದ ಮತ್ತೆ ಶುರುಮಾಡುತ್ತೇವೆ. ಈ ಸಲ ಯೋಹಾನನ ಸುವಾರ್ತೆಯಿಂದ ಎಂದು ಅಮ್ಮ ಹೇಳಿದ್ದಾರೆ.