ಒಳಚರಂಡಿ ಬಾಂಡಿಗೆ ‘ಹೌದು’ ಎನ್ನುವ ಮುನ್ನ

ಕ್ಯಾಲಿಫೋರ್ನಿಯಾದಲ್ಲಿ ಪೌರತ್ವ ಪಡೆದು ಮೊದಲ ಬಾರಿ ಮತ ಹಾಕುವ ಕನ್ನಡಿಗರೇ, ದೊಡ್ಡ ಹುದ್ದೆಗಳ ಹೆಸರಿಗೆ ಗುರುತು ಹಾಕಿದ ಕೂಡಲೇ ಮತಪತ್ರ ಮಡಚಬೇಡಿ. ಹಾಳೆಯ ಕೊನೆಯಲ್ಲಿ ಕೌಂಟಿ, ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥ ಆಡಳಿತ, ಒಳಚರಂಡಿಗೆ ಬಾಂಡ್ (ಸಾಲಪತ್ರ) ಮೂಲಕ ಸಾಲ ಎತ್ತಲು ನಿಮ್ಮ ಒಪ್ಪಿಗೆ ಕೇಳಿರಬಹುದು.

ಮೊದಲು, ಸಾಲ ತೀರಿಸುವವರು ಯಾರೆಂದು ನೋಡಿ. ‘ಜನರಲ್ ಆಬ್ಲಿಗೇಶನ್ ಬಾಂಡ್’ ಆದರೆ ಹಣ ಆಸ್ತಿ ತೆರಿಗೆಯಿಂದ. ‘ರೆವಿನ್ಯೂ ಬಾಂಡ್’ ಆದರೆ ಒಳಚರಂಡಿ ಬಳಸುವವರ ಬಿಲ್ಲಿನಿಂದ. ಮೊದಲನೆಯದರಲ್ಲಿ, ಸೆಪ್ಟಿಕ್ ಟ್ಯಾಂಕ್ ನಂಬಿಕೊಂಡವರ ಬೀದಿಗೆ ಕೊಳವೆ ಬಾರದಿದ್ದರೂ ತೆರಿಗೆ ಬರಬಹುದು. ಕೊಳವೆ ಬಂದರೆ, ಬೀದಿಯಿಂದ ಮನೆವರೆಗಿನ ಜೋಡಣೆಯ ಖರ್ಚು ಸಾಮಾನ್ಯವಾಗಿ ಮನೆಯವರದೇ.

ಈಗ ಲೆಕ್ಕ. ಆಸ್ತಿ ತೆರಿಗೆಯ ಬಾಂಡಾದರೆ, ಮತದಾರರ ಕೈಪಿಡಿಯಲ್ಲಿ 1,00,000 ಡಾಲರ್ ಮೌಲ್ಯಕ್ಕೆ ಎಷ್ಟು ತೆರಿಗೆ ಎಂಬ ಅಂದಾಜು ಇರುತ್ತದೆ. ಅದು 20 ಡಾಲರ್ ಎಂದುಕೊಳ್ಳಿ. ನಿಮ್ಮ ಮನೆಯ ತೆರಿಗೆ ಮೌಲ್ಯ 8,00,000 ಆದರೆ ವರ್ಷಕ್ಕೆ 160 ಡಾಲರ್. ತೆರಿಗೆ ಮೌಲ್ಯ ಬೇರೆ, ಮಾರುಕಟ್ಟೆ ಬೆಲೆ ಬೇರೆ: ತೆರಿಗೆ ಮೌಲ್ಯವನ್ನು ಮನೆ ಕೊಂಡಾಗಿನ ಬೆಲೆಗೆ ಕಟ್ಟಿ, ವರ್ಷಕ್ಕೆ ಅಲ್ಪವೇ ಏರಲು ಬಿಡುವ 1978ರ 13ನೇ ಪ್ರಸ್ತಾವದಿಂದಾಗಿ ಬಹುಕಾಲದಿಂದ ಅದೇ ಮನೆಯಲ್ಲಿರುವ ನೆರೆಯವರು ನಿಮಗಿಂತ ತೀರಾ ಕಡಿಮೆ ಕಟ್ಟುತ್ತಿರಬಹುದು. ಹೊಸದಾಗಿ ಮನೆ ಕೊಂಡವರಿಗೆ ಇದು ಕಹಿ ಸತ್ಯ. ಬಡ್ಡಿಯನ್ನೂ ಮರೆಯಬೇಡಿ. ಶೇ 4ರ ಬಡ್ಡಿಯಲ್ಲಿ 10 ಕೋಟಿ ಡಾಲರನ್ನು 30 ಸಮಾನ ವಾರ್ಷಿಕ ಕಂತುಗಳಲ್ಲಿ ತೀರಿಸಿದರೆ ಒಟ್ಟು 17.3 ಕೋಟಿ ಡಾಲರ್ ದಾಟುತ್ತದೆ.

ಕೌಂಟಿಯ ಜನರಲ್ ಆಬ್ಲಿಗೇಶನ್ ಬಾಂಡಿಗೆ ಇಲ್ಲಿ ಮೂರರಲ್ಲಿ ಎರಡು ಪಾಲು ‘ಹೌದು’ ಬೇಕು. ಶೇ 66 ಬಂದರೂ ಸೋಲು. ಹಾಗಾಗಿ ಒಂದು ‘ಬೇಡ’ ಎರಡು ‘ಹೌದು’ಗಳಷ್ಟು ತೂಗುತ್ತದೆ. ಗ್ರೀನ್ ಕಾರ್ಡಿನವರಿಗೆ ಮತವಿಲ್ಲ, ತೆರಿಗೆಯಿಂದ ಮಾತ್ರ ವಿನಾಯಿತಿಯಿಲ್ಲ!

‘ಬೇಡ’ ಎಂದರೆ ಹೊಲಸು ಮಾಯವಾಗದು, ನಿಜ. ಆದರೆ ಕೇಳದೆಯೇ ಸಾಲ ಎತ್ತಿದರೆ ಏನಾಗುತ್ತದೆ ಎಂಬುದನ್ನು ಅಲಬಾಮಾದ ಜೆಫರ್ಸನ್ ಕೌಂಟಿ ತೋರಿಸಿದೆ. 1996ರಲ್ಲಿ ನ್ಯಾಯಾಲಯದ ಮೂಲಕ ಒಪ್ಪಿಕೊಂಡಂತೆ ಚರಂಡಿ ದುರಸ್ತಿಗೆ ಇಳಿದ ಕೌಂಟಿ, ಮತದಾರರ ಬಳಿಗೆ ಹೋಗದೆ ‘ವಾರಂಟ್’ (ಇಲ್ಲಿ ಬಾಂಡಿನಂಥದೇ ಸಾಲಪತ್ರ) ಹೆಸರಿನಲ್ಲಿ ಸಾಲ ಮಾಡಿತು. ಬಡ್ಡಿ ಏರಿಳಿಯುವ ಸಾಲಗಳು 2008ರಲ್ಲಿ ಕೊರಳಿಗೆ ಸುತ್ತಿಕೊಂಡವು. ಲಂಚದ ಪ್ರಕರಣಗಳಲ್ಲಿ ಕೌಂಟಿಯ ಚುನಾಯಿತ ಕಮಿಷನರುಗಳು ಜೈಲು ಸೇರಿದರು. 2011ರ ನವೆಂಬರಿನಲ್ಲಿ ಕೌಂಟಿ 400 ಕೋಟಿ ಡಾಲರಿಗೂ ಮೀರಿದ ಸಾಲ ಹೊತ್ತು ದಿವಾಳಿ ಅರ್ಜಿ ಹಾಕಿತು. ಬಳಕೆದಾರರ ಬಿಲ್ಲು ಮಾತ್ರ ಏರುತ್ತಲೇ ಹೋಯಿತು.

ತೀರ್ಮಾನಿಸಿದ ಮೇಲೆ, ಮತಪತ್ರ ಕಳಿಸುವ ಅಂಚೆ ಲಕೋಟೆಯ ಮೇಲೆ ಸಹಿ ಹಾಕಿ. ಅದಿಲ್ಲದಿದ್ದರೆ ಚುನಾವಣಾ ಕಚೇರಿಯ ಪತ್ರ ಬಂದು, ನೀವು ಅದನ್ನು ಸರಿಪಡಿಸುವವರೆಗೆ ನಿಮ್ಮ ಮತ ಎಣಿಕೆಗೆ ಸೇರುವುದಿಲ್ಲ.