ಬಿಸಿಲಿನ ಕಪ್ಪು ಕೊಳೆಯಲ್ಲ, ತಿಕ್ಕಿದರೆ ಹೋಗದು

ಮದುವೆಗೆ ಮೂರು ವಾರ ಉಳಿದಿದೆ, ಮೊಣಕೈ ಮೇಲೊಂದು ಬಣ್ಣ, ಕೆಳಗೊಂದು ಬಣ್ಣ. ಏನು ಹಚ್ಚಿದರೆ ಟ್ಯಾನ್ ಹೋಗುತ್ತದೆ? ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಟ್ಯಾನ್ ಅಂದರೆ ಪಾತ್ರೆಗೆ ಹತ್ತಿದ ಮಸಿ. ಹುಳಿ ಹಾಕಿ ತಿಕ್ಕಿದರೆ ಬಿಡುತ್ತದೆ ಎಂಬ ನಂಬಿಕೆ. ನಿಂಬೆಹಣ್ಣು, ಸೋಡಾ, ಸ್ಕ್ರಬ್, ಪಾರ್ಲರ್‌ನ ‘ಡಿ-ಟ್ಯಾನ್’ ಎಲ್ಲವೂ ಹುಟ್ಟಿರುವುದು ಆ ನಂಬಿಕೆಯಿಂದ. ಅದು ಮಸಿಯಲ್ಲ, ಚರ್ಮ ತನ್ನ ರಕ್ಷಣೆಗೆ ತಾನೇ ಮಾಡಿಕೊಂಡ ಏರ್ಪಾಡು.

ಬಿಸಿಲಿನ ಅತಿನೇರಳೆ ಕಿರಣ ಚರ್ಮದ ಜೀವಕೋಶಗಳ ಡಿಎನ್‌ಎಯನ್ನು ಮುರಿಯುತ್ತದೆ. ಆ ಪೆಟ್ಟೇ ಸೂಚನೆಯಾಗಿ, ಬಣ್ಣ ತಯಾರಿಸುವ ಕೋಶಗಳು ಮೆಲನಿನ್ ಎಂಬ ಕಂದು ಬಣ್ಣವನ್ನು ಹೆಚ್ಚಿಸಿ ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಅದು ಕೋಶಕೇಂದ್ರದ ಮೇಲೆ ಕೊಡೆಯಂತೆ ಕೂರುತ್ತದೆ. ಆದರೆ ಈ ಕೊಡೆ ಬಿಚ್ಚಿಕೊಳ್ಳುವುದು ನೆನೆದಾದ ಮೇಲೆ. ಕಪ್ಪು ಕಾಣಿಸಿತು ಎಂದರೆ ಪೆಟ್ಟು ಆಗಲೇ ಬಿದ್ದಿದೆ. ಹೊರಗೆ ನಿಂತ ಕೆಲವೇ ನಿಮಿಷಗಳಲ್ಲಿ ಕಾಣುವ ಮಸುಕು ಇದ್ದ ಮೆಲನಿನ್‌ನದೇ ರೂಪಾಂತರ, ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಇಳಿಯುತ್ತದೆ. ಎರಡು ಮೂರು ದಿನ ಬಿಟ್ಟು ಏರುವುದು ನಿಜವಾದ ಟ್ಯಾನ್. ಅದು ಇರುವುದು ಜೀವಂತ ಪದರದಲ್ಲಿ. ಸ್ಕ್ರಬ್ ಮುಟ್ಟುವುದು ಮೇಲಿನ ಸತ್ತ ಪದರವನ್ನು ಮಾತ್ರ. ಇನ್ನೂ ಒತ್ತಿ ತಿಕ್ಕಿದರೆ ಉರಿಯೂತವಾಗುತ್ತದೆ, ನಮ್ಮಂಥ ಕಂದು ಚರ್ಮ ಉರಿಯೂತಕ್ಕೆ ಕೊಡುವ ಉತ್ತರ ಮತ್ತಷ್ಟು ಮೆಲನಿನ್. ತೆಂಗಿನ ನಾರಿನಿಂದ ದಿನಾ ಬೆನ್ನು, ಹೆಗಲು ಉಜ್ಜುವವರ ಮೂಳೆ ಎದ್ದಿರುವ ಕಡೆ ಬರುವ ಕಪ್ಪು ಪಟ್ಟೆ ಇದಕ್ಕೆ ಸಾಕ್ಷಿ.

ಮೊದಲು, ಅದು ಟ್ಯಾನ್ ಹೌದೋ ಅಲ್ಲವೋ ನೋಡಿ

ತೋಳಿನ ಒಳಮೈ, ಕಂಕುಳಿಗೆ ಹತ್ತಿರದ ಭಾಗ: ಅದೇ ನಿಮ್ಮ ಹುಟ್ಟುಬಣ್ಣ. ಎಷ್ಟೇ ಮಾಡಿದರೂ ಮುಖ, ಕೈ ಅಲ್ಲಿಯವರೆಗೆ ಬರಬಹುದು, ಅದಕ್ಕಿಂತ ತಿಳಿಯಾಗುವುದಿಲ್ಲ. ಅದಕ್ಕಿಂತ ತಿಳಿ ಮಾಡಿಕೊಡುತ್ತೇವೆ ಎನ್ನುವ ಡಬ್ಬಿಯಲ್ಲಿ ಏನಿದೆ ಎಂಬುದನ್ನು ಮುಂದೆ ನೋಡೋಣ. ಟ್ಯಾನ್‌ಗೆ ಬಟ್ಟೆಯ ಗಡಿ ಇರುತ್ತದೆ: ತೋಳಿನ ಅಂಚು, ಗಡಿಯಾರದ ಪಟ್ಟಿ, ಚಪ್ಪಲಿಯ ವಿ ಆಕಾರ. ಗಡಿ ಇಲ್ಲದ ಕಪ್ಪಿಗೆ ಬೇರೆ ಕಾರಣ ಹುಡುಕಬೇಕು.

ಕತ್ತಿನ ಹಿಂದೆ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗಾದ ಕಪ್ಪು ಇದ್ದರೆ ಅದು ಸಾಮಾನ್ಯವಾಗಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಲಕ್ಷಣ. ಸೋಪು ಬದಲಿಸುವುದಲ್ಲ, ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳುವುದು. ಎರಡೂ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಭೂಪಟದಂತೆ ಹರಡಿದ್ದರೆ ಬಂಗು. ಬಸಿರು, ಗರ್ಭನಿರೋಧಕ ಮಾತ್ರೆ, ವಂಶ ಇವೆಲ್ಲ ಅದರ ಹಿಂದಿವೆ, ಬಿಸಿಲು ಅದನ್ನು ಕೆದಕುತ್ತದೆ. ಬೆರಳ ಗೆಣ್ಣುಗಳು ಇದ್ದಕ್ಕಿದ್ದಂತೆ ಕಪ್ಪಾದರೆ ಬಿ12 ಕೊರತೆ ಇರಬಹುದು, ಸಸ್ಯಾಹಾರಿಗಳು ಇದನ್ನು ಗಮನದಲ್ಲಿಟ್ಟುಕೊಳ್ಳಲಿ. ಸ್ವಲ್ಪ ಬಿಸಿಲಿಗೇ ವಿಪರೀತ ಸುಡುತ್ತಿದ್ದರೆ ತಿನ್ನುತ್ತಿರುವ ಮಾತ್ರೆ ನೋಡಿ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್ ಹಾಗೆ ಮಾಡುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಹೇಳಿ.

ಕೊಡೆ, ತೋಳು, ಗಂಟೆ

ಸೆಕೆ ಬೇರೆ, ಅತಿನೇರಳೆ ಬೇರೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತಂಪು, ಕಿರಣ ತಂಪಲ್ಲ. ಎತ್ತರ ಹೆಚ್ಚಿದಂತೆ ಅದು ಹೆಚ್ಚುತ್ತದೆ. ಸೂರ್ಯ ಅಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ. ಏಪ್ರಿಲ್‌ನಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಆಗಸ್ಟ್‌ನಲ್ಲಿ ಮೋಡ ಇದೆ ಅಂತ ಸನ್‌ಸ್ಕ್ರೀನ್ ಬಿಟ್ಟು, ಗೌರಿ ಹಬ್ಬಕ್ಕೆ ಕಪ್ಪಾಗಿದ್ದೇಕೆ ಎಂದು ಕೇಳುತ್ತಾರೆ. ತೆಳು ಮೋಡ ಕಿರಣವನ್ನು ಹೆಚ್ಚೇನೂ ತಡೆಯುವುದಿಲ್ಲ.

ನಮ್ಮ ಗಡಿಯಾರ ಪ್ರಯಾಗರಾಜ್ (ಹಿಂದಿನ ಅಲಹಾಬಾದ್) ಹತ್ತಿರದ ರೇಖಾಂಶದ್ದು, ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ. ಆದ್ದರಿಂದ ಬೆಂಗಳೂರಿನ ನಿಜವಾದ ನಡುಹಗಲು 12ಕ್ಕಲ್ಲ, ಸುಮಾರು 12.20ಕ್ಕೆ. ಗಡಿಯಾರಕ್ಕಿಂತ ನೆರಳು ನೋಡುವುದು ಸುಲಭ: ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಹೊರಗಿರಬಾರದ ಹೊತ್ತು. ಇರಲೇಬೇಕಾದರೆ ಬಟ್ಟೆಯೇ ಮೊದಲ ಮದ್ದು. ತೆಳು ಬಿಳಿ ಹತ್ತಿ ಅಂಗಿ ಅಂದುಕೊಂಡಷ್ಟು ತಡೆಯುವುದಿಲ್ಲ, ಬೆವರಿಗೆ ನೆನೆದರೆ ಇನ್ನೂ ಕಡಿಮೆ. ಒತ್ತಾಗಿ ನೇಯ್ದ, ಗಾಢ ಬಣ್ಣದ ಬಟ್ಟೆ ಚೆನ್ನಾಗಿ ತಡೆಯುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆ ಕಂಡರೆ ಕಿರಣಕ್ಕೂ ದಾರಿ ಇದೆ ಎಂದೇ ಅರ್ಥ. ಸ್ಕೂಟರ್ ಓಡಿಸುವವರಿಗೆ ತೋಳುಗವಸಿನಷ್ಟು ಅಗ್ಗದ, ತಪ್ಪದೆ ಕೆಲಸ ಮಾಡುವ ಉಪಾಯ ಇನ್ನೊಂದಿಲ್ಲ. ಬೆರಳಿನ ತನಕ ಬರುವುದನ್ನೇ ಕೊಳ್ಳಿ.

ಕಾರಿನ ಗಾಜನ್ನು ನಂಬಬೇಡಿ. ಮುಂದಿನ ಗಾಜು ಪದರ ಸೇರಿಸಿದ್ದಾದ್ದರಿಂದ ಯುವಿಎ (ಅತಿನೇರಳೆಯ ಒಂದು ಬಗೆ) ಕಿರಣವನ್ನು ಬಹುತೇಕ ತಡೆಯುತ್ತದೆ, ಪಕ್ಕದ ಗಾಜು ಅಷ್ಟು ತಡೆಯದು. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಚಿತ್ರವಿದೆ: 28 ವರ್ಷ ಟ್ರಕ್ ಓಡಿಸಿದವರ ಮುಖದ ಎಡಭಾಗ ಮಾತ್ರ ಜೋತು, ಆಳವಾಗಿ ಸುಕ್ಕುಗಟ್ಟಿದೆ. ಅಲ್ಲಿ ಚಾಲಕನ ಕಿಟಕಿ ಎಡಕ್ಕೆ. ನಮ್ಮಲ್ಲಿ ಬಲ ಕೆನ್ನೆ, ಬಲ ಮುಂಗೈ ನೋಡಿಕೊಳ್ಳಬೇಕು.

ಸನ್‌ಸ್ಕ್ರೀನ್: ಬ್ರಾಂಡ್‌ಗಿಂತ ಅಳತೆ ಮುಖ್ಯ

ಎಸ್‌ಪಿಎಫ್ ಅಂದರೆ ಡಬ್ಬಿಯ ಮೇಲಿನ ರಕ್ಷಣೆಯ ಅಂಕಿ. ಎಸ್‌ಪಿಎಫ್ 30 ಚರ್ಮ ಸುಡುವ ಇನ್ನೊಂದು ಬಗೆಯ ಅತಿನೇರಳೆ, ಯುವಿಬಿಯ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ, 50 ಇದ್ದರೆ ಶೇ 98. ಇವೆರಡರ ಅಂತರಕ್ಕೆ ತಲೆಕೆಡಿಸಿಕೊಳ್ಳಬೇಡಿ. ಕಪ್ಪು ಮಾಡುವುದರಲ್ಲಿ ಯುವಿಎಯ ಪಾಲು ದೊಡ್ಡದು, ಅದಕ್ಕೆ ಡಬ್ಬಿಯ ಮೇಲೆ ಯುವಿಎ ತಡೆಯನ್ನು ಸೂಚಿಸುವ ಪಿಎ ಮುಂದೆ ಕನಿಷ್ಠ ಮೂರು ಪ್ಲಸ್ ಗುರುತು ಇರಲಿ.

ಈ ಅಂಕಿ ಪರೀಕ್ಷೆಯಲ್ಲಿ ಬರುವುದು ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚಿದಾಗ. ಮುಖ, ಕತ್ತು ಸೇರಿದರೆ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದರೆ ಅಳತೆ ಸರಿ. ಲೆಕ್ಕ ಹಾಕಿ: ದಿನಕ್ಕೆ ಎರಡು ಸಲ ಹಚ್ಚಿದರೆ 50 ಗ್ರಾಂ ಟ್ಯೂಬು ಮೂರು ವಾರಕ್ಕೆ ಮುಗಿಯಬೇಕು. ನಿಮ್ಮದು ನಾಲ್ಕು ತಿಂಗಳು ಬಂದಿದ್ದರೆ ನೀವು ಹಚ್ಚಿದ್ದು ಸನ್‌ಸ್ಕ್ರೀನಿನ ವಾಸನೆ ಮಾತ್ರ. ದುಬಾರಿಯದನ್ನು ಕಡಲೆಕಾಳಿನಷ್ಟು ಹಚ್ಚುವುದಕ್ಕಿಂತ ಅಗ್ಗದ್ದನ್ನು ಎರಡು ಬೆರಳು ಹಚ್ಚುವುದು ಮೇಲು.

ಹೊರಡುವ 15–20 ನಿಮಿಷ ಮೊದಲು, ಎರಡು ಕಂತಿನಲ್ಲಿ ಹಚ್ಚಿ, ಉಜ್ಜದೆ ಹರಡಿ. ಕಿವಿ, ಕತ್ತಿನ ಹಿಂಭಾಗ, ಮುಂಗೈ, ಪಾದದ ಮೇಲ್ಭಾಗ ಮರೆಯುವ ಜಾಗಗಳು. ಬೆವರಿದರೆ, ಮುಖ ತೊಳೆದರೆ, ಇಲ್ಲವೇ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಣ್ಣು ಉರಿದರೆ ಕಣ್ಣಿನ ಸುತ್ತ ಜಿಂಕ್ ಆಕ್ಸೈಡ್ ಇರುವುದನ್ನು ಬಳಸಿ. ಅದು ಬೂದಿ ಬಳಿದಂತೆ ಕಾಣುತ್ತದೆ ಎಂಬ ದೂರು ನ್ಯಾಯವೇ, ಚರ್ಮದ ಬಣ್ಣ ಬೆರೆಸಿದ್ದು ಸಿಗುತ್ತದೆ. ಬಂಗು ಇರುವವರಿಗಂತೂ ಅದೇ ಒಳ್ಳೆಯದು. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಕಂದು ಚರ್ಮವನ್ನು ಆ ಬೆಳಕೂ ಕಪ್ಪು ಮಾಡಬಲ್ಲದು.

ಇಷ್ಟು ಮಾಡಿ ಬೇರೇನೂ ಹಚ್ಚದೆ ಬಿಟ್ಟರೂ ಟ್ಯಾನ್ ನಾಲ್ಕರಿಂದ ಎಂಟು ವಾರದಲ್ಲಿ ಇಳಿಯುತ್ತದೆ, ಮೇಲ್ಚರ್ಮ ಹೊಸದಾಗಲು ಬೇಕಾದ ಕಾಲ ಅದು. ವರ್ಷಗಟ್ಟಲೆ ಕೂತದ್ದು ಇನ್ನೂ ನಿಧಾನ. ಬೇಗ ಆಗಲಿ ಎಂದರೆ ರಾತ್ರಿ ನಯಾಸಿನಮೈಡ್ ಶೇ 5 ಅಥವಾ ಅಜೆಲಾಯಿಕ್ ಆಮ್ಲ ಶೇ 10 ಇರುವ ಸೀರಮ್ ಇಲ್ಲವೇ ಕ್ರೀಮು, ಮೇಲೆ ಮಾಯಿಶ್ಚರೈಸರ್. ಒಂದೇ ಸಲಕ್ಕೆ ಮೂರು ಸೀರಮ್ ತರಬೇಡಿ. ಉರಿ, ಸಿಪ್ಪೆ ಶುರುವಾದರೆ ಯಾವುದರಿಂದ ಎಂದು ತಿಳಿಯುವುದಿಲ್ಲ, ಉರಿ ನಿಂತಲ್ಲಿ ಮತ್ತೆ ಕಪ್ಪು ಬರುತ್ತದೆ. ಎರಡು ವಾರಕ್ಕೊಮ್ಮೆ ಅದೇ ಕಿಟಕಿ, ಅದೇ ಹೊತ್ತಿನಲ್ಲಿ ಫೋಟೋ ತೆಗೆಯಿರಿ, ಕನ್ನಡಿಗೆ ನೆನಪಿಲ್ಲ.

ಅಡುಗೆಮನೆ, ಪಾರ್ಲರ್, ಮೆಡಿಕಲ್ ಶಾಪ್

ಕಡಲೆಹಿಟ್ಟು, ಮೊಸರಿಗೆ ತಕರಾರಿಲ್ಲ. ಸೋಪಿನ ಬದಲು ಬಳಸಿ, ಒಣಗಿದ ಮೇಲೆ ಕಿತ್ತು ತಿಕ್ಕದೆ ನೀರು ಚಿಮುಕಿಸಿ ತೊಳೆಯಿರಿ. ಅರಿಶಿನದ ಹಳದಿ ಕಪ್ಪನ್ನು ಒಂದು ದಿನ ಮರೆಸುತ್ತದೆ, ತೆಗೆಯುವುದಿಲ್ಲ. ನಿಂಬೆ ಮಾತ್ರ ಬೇಡವೇ ಬೇಡ. ನಿಂಬೆರಸದಲ್ಲಿರುವ, ಸಿಪ್ಪೆಯಲ್ಲಂತೂ ಧಾರಾಳವಾಗಿರುವ ಒಂದು ಬಗೆಯ ರಾಸಾಯನಿಕ ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಬೊಬ್ಬೆ ಎಬ್ಬಿಸಿ, ತಿಂಗಳುಗಟ್ಟಲೆ ಹೋಗದ ಕಂದು ಕಲೆ ಉಳಿಸುತ್ತದೆ. ಅಡುಗೆ ಸೋಡಾ ಕ್ಷಾರ, ಚರ್ಮ ಸ್ವಲ್ಪ ಆಮ್ಲೀಯ. ಹಚ್ಚಿದರೆ ಅದರ ಕಾವಲು ಪದರ ಸಡಿಲವಾಗುತ್ತದೆ.

ಪಾರ್ಲರ್‌ನ ಬ್ಲೀಚ್ ಮುಖ್ಯವಾಗಿ ಮಾಡುವುದು ಮುಖದ ನವಿರು ಕೂದಲನ್ನು ಹೊಂಬಣ್ಣ ಮಾಡುವುದು. ಅದಕ್ಕೇ ಎದ್ದ ಕೂಡಲೇ ಮುಖ ಬೆಳ್ಳಗಾದಂತೆ ಕಾಣುತ್ತದೆ. ಮಾಡಿಸಲೇಬೇಕಾದರೆ ಸಮಾರಂಭಕ್ಕೆ ವಾರ ಮೊದಲು ಮಾಡಿಸಿ, ಅದಕ್ಕೂ ಎರಡು ದಿನ ಮುಂಚೆ ಕಿವಿ ಹಿಂದೆ ಹಚ್ಚಿ ನೋಡಿ. ಹಿಂದಿನ ದಿನ ಮಾಡಿಸಿ ಸುಟ್ಟರೆ ಮೇಕಪ್ಪೂ ನಿಲ್ಲುವುದಿಲ್ಲ.

ನಿಜವಾದ ಅಪಾಯ ಇರುವುದು ಮೆಡಿಕಲ್ ಶಾಪ್‌ನ ಪುಟ್ಟ ಟ್ಯೂಬಿನಲ್ಲಿ. ಟ್ಯೂಬಿನ ಹಿಂದೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುಸಿನೋಲೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟೆರಾಯ್ಡ್. ರಕ್ತನಾಳ ಕುಗ್ಗಿಸಿ ಕೆಲವೇ ದಿನದಲ್ಲಿ ಬೆಳ್ಳಗೆ ತೋರಿಸುತ್ತದೆ, ಜನ ಮನಸೋಲುವುದು ಅಲ್ಲಿ. ತಿಂಗಳುಗಳಾದ ಮೇಲೆ ಚರ್ಮ ತೆಳುವಾಗಿ ನಾಳಗಳು ಕೆಂಪಗೆ ಕಾಣುತ್ತವೆ, ಮೊಡವೆ, ಕೂದಲು ಬರುತ್ತವೆ. ನಿಲ್ಲಿಸಿದರೆ ಮುಖ ಬೆಂಕಿಯಾಗುತ್ತದೆ, ಆ ಉರಿಗೆ ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಔಷಧಗಳನ್ನು ವೈದ್ಯರ ಚೀಟಿ ಬೇಕಾದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು, ಆದರೂ ಬಾಯಿಮಾತಿಗೆ ಸಿಗುತ್ತವೆ. ಈಗಾಗಲೇ ತಿಂಗಳುಗಳಿಂದ ಹಚ್ಚುತ್ತಿರುವವರು ಚರ್ಮವೈದ್ಯರನ್ನು ಕಂಡು ಹಂತಹಂತವಾಗಿ ಬಿಡಬೇಕು. ತಯಾರಕರ ವಿಳಾಸವೇ ಇಲ್ಲದ, ವಾರದಲ್ಲಿ ಬಿಳಿ ಮಾಡುವ ವಿದೇಶಿ ಕ್ರೀಮುಗಳಲ್ಲಿ ಪಾದರಸ ಇರಬಹುದು. ಅದು ಚರ್ಮದ ಮೂಲಕ ಇಳಿದು ಮೂತ್ರಪಿಂಡ ಕೆಡಿಸುತ್ತದೆ. ಕೇರಳದ ಮಲಪ್ಪುರಂ ಕಡೆಯ ವೈದ್ಯರು ಇಂಥ ರೋಗಿಗಳನ್ನು ಕಂಡು ವರದಿ ಮಾಡಿದ್ದಾರೆ.

ಕಂದಾದರೆ ಚೆಂದವೇ?

ಯುರೋಪು, ಅಮೆರಿಕದಲ್ಲಿರುವ ಕನ್ನಡಿಗರು ಬಿಳಿ ಬಣ್ಣದ ಈ ಮೋಹದ ತಲೆಕೆಳಗಾದ ರೂಪ ಕಾಣುತ್ತಾರೆ. ಹೊಲದಲ್ಲಿ ದುಡಿಯುವವರು ಕಪ್ಪಾಗುತ್ತಿದ್ದ ಕಾಲಕ್ಕೆ ಅಲ್ಲೂ ಬಿಳಿಚಿಕೊಂಡ ಮುಖವೇ ಅಂತಸ್ತಿನ ಗುರುತಾಗಿತ್ತು. ದುಡಿಮೆ ಕಾರ್ಖಾನೆಯೊಳಗೆ ಹೋಗಿ, 1920ರ ದಶಕದಿಂದ ಕಡಲತೀರದ ರಜೆ ಶ್ರೀಮಂತಿಕೆಯಾದಾಗ ಕಂದು ಚೆಂದವಾಯಿತು. ನಮ್ಮಲ್ಲಿ ಹಳೆಯ ಲೆಕ್ಕವೇ ಉಳಿದಿದೆ. ಎರಡೂ ಕಡೆ ಜನ ನೋಡುತ್ತಿರುವುದು ಚರ್ಮವನ್ನಲ್ಲ, ಕೆಲಸವನ್ನು.

ಅತಿನೇರಳೆ ದೀಪಗಳ ನಡುವೆ ಮಲಗಿಸಿ ಮೈ ಕಂದಾಗಿಸುವ ಅಲ್ಲಿನ ಟ್ಯಾನಿಂಗ್ ಹಾಸಿಗೆಗೆ ಗೆಳೆಯರು ಕರೆದರೆ ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2009ರಲ್ಲಿ ಅದನ್ನು ತಂಬಾಕಿನ ಜೊತೆ, ಕ್ಯಾನ್ಸರ್ ತರುವುದು ಖಚಿತವಾದವುಗಳ ಮೊದಲ ಗುಂಪಿಗೆ ಸೇರಿಸಿತು. ಅದೇ ವರ್ಷ ಬ್ರೆಜಿಲ್ ನಿಷೇಧಿಸಿತು. ಪ್ರವಾಸಕ್ಕೆ ಮೊದಲು ಒಂದಷ್ಟು ಕಪ್ಪಾಗಿದ್ದರೆ ಸುಡುವುದಿಲ್ಲ ಎಂಬ ಮಾತೂ ಟೊಳ್ಳು, ಟ್ಯಾನ್ ಕೊಡುವ ರಕ್ಷಣೆ ಎಸ್‌ಪಿಎಫ್ 3–4ರಷ್ಟು. ಬಣ್ಣವೇ ಬೇಕೆಂದರೆ ಡೈಹೈಡ್ರಾಕ್ಸಿಅಸಿಟೋನ್ ಇರುವ ಲೋಷನ್ ಸತ್ತ ಪದರಕ್ಕೆ ಬಣ್ಣ ಹಿಡಿಸಿ ವಾರದಲ್ಲಿ ಹೋಗುತ್ತದೆ, ಬಿಸಿಲು ಮಾತ್ರ ತಡೆಯದು. ವಿಟಮಿನ್ ಡಿ ನೆಪವನ್ನೂ ಹೇಳಬೇಡಿ. ಕೊರತೆ ಇದ್ದರೆ ರಕ್ತಪರೀಕ್ಷೆ ಮಾಡಿಸಿ ವೈದ್ಯರು ಹೇಳಿದಷ್ಟು ವಾರ ಮಾತ್ರ ತೆಗೆದುಕೊಳ್ಳಿ. 60,000 ಯೂನಿಟ್ಟಿನ ಪುಡಿ ವರ್ಷವಿಡೀ ತಿನ್ನುವ ವಸ್ತುವಲ್ಲ.

ಕಂದು ಚರ್ಮದಲ್ಲಿ ಬಿಸಿಲಿನ ಕ್ಯಾನ್ಸರ್ ಕಡಿಮೆ ಎಂಬುದು ನಿಜ, ಆದರೆ ಬರುವುದೇ ಇಲ್ಲ ಎಂದಲ್ಲ. ತುಟಿ, ಮೂಗು, ಕಿವಿಯ ಮೇಲೆ ತಿಂಗಳಾದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ ಬರುವ ಗಂಟು ಇದ್ದರೆ ತೋರಿಸಿ. ಬಣ್ಣದ ಕೋಶಗಳಲ್ಲಿ ಹುಟ್ಟುವ ಚರ್ಮದ ಕ್ಯಾನ್ಸರ್ ಮೆಲನೋಮಾ ನಮ್ಮಂಥವರಲ್ಲಿ ಬಿಸಿಲು ಕಾಣದ ಜಾಗವನ್ನೇ ಹೆಚ್ಚಾಗಿ ಹಿಡಿಯುತ್ತದೆ: ಅಂಗಾಲು, ಅಂಗೈ, ಉಗುರಿನ ಕೆಳಗೆ. 1981ರಲ್ಲಿ ಜಮೈಕಾದ ಗಾಯಕ ಬಾಬ್ ಮಾರ್ಲಿ ಸತ್ತದ್ದು ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾದ ಇದರಿಂದಲೇ. ತಿಂಗಳಿಗೊಮ್ಮೆ ಸ್ನಾನದ ನಂತರ ಅಂಗಾಲು ತಿರುಗಿಸಿ ನೋಡಿ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದ, ಅಗಲವಾಗುತ್ತಿರುವ ಕಪ್ಪು ಗೆರೆ, ಅದರ ಬುಡದ ಚರ್ಮಕ್ಕೂ ಹರಿದ ಕಪ್ಪು, ಬಣ್ಣ ಬದಲಿಸುತ್ತಿರುವ ಮಚ್ಚೆ ಕಂಡರೆ ಆ ವಾರವೇ ಚರ್ಮವೈದ್ಯರ ಬಳಿ ಹೋಗಿ, ಉಗುರುಬಣ್ಣ ಅಳಿಸಿಕೊಂಡು.